ಹೊಲಿಗೆ ಟೀಚರಮ್ಮನ ಕೆಂಪು ಹೂವು

ಹಣೆ ಬೋಳು, ಕೈ ಬೋಳು, ತುರುಬಿನಲ್ಲಿ ಒಂದು ಎಸಳಿಲ್ಲ. ಆದರೆ ಎಡಭುಜದ ಕೆಳಗೆ, ಬೂದುಬಣ್ಣದ ಸೆರಗಿಗೆ ಸೇಫ್ಟಿ ಪಿನ್ನಿನಿಂದ ಚುಚ್ಚಿದ ಕೆಂಪು ಬಟ್ಟೆಯ ಹೂವು. ನಡುವೆ ಹಳೇ ಕೋಟಿನ ಕಪ್ಪು ಗುಂಡಿ. ನವೆಂಬರ್ ಹನ್ನೊಂದರಂದು ಹೊಲಿಗೆ ಟೀಚರಮ್ಮ ಹೀಗೆ ಹೊಸನಗರದ ಪೇಟೆಬೀದಿಯಲ್ಲಿ ನಡೆದುಹೋದರೆ, ಎದುರಿಗೆ ಬಂದ ಹೆಂಗಸರು ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದರು.

ನಾವಿದ್ದ ಬಾಡಿಗೆ ಮನೆಗೂ ಅವರ ಕೋಣೆಗೂ ಒಂದೇ ಗೋಡೆ. ಎರಡನೇ ಮಹಾಯುದ್ಧದಲ್ಲಿ ಸಿಪಾಯಿಯಾಗಿ ಬರ್ಮಾಕ್ಕೆ ಹೋದ ಗಂಡ ಅಲ್ಲೇ ಸತ್ತಿದ್ದ. ಇವರು ಒಂದು ಮೆಷೀನು ಇಟ್ಟುಕೊಂಡು ಊರ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಜಗಳವಾಡಬಲ್ಲವರು. ಯಾರಾದರೂ ಅನುಕಂಪ ತೋರಿಸಿದರೆ ಮಾತ್ರ ಸಹಿಸುತ್ತಿರಲಿಲ್ಲ. "ಪಾಪ ಅನ್ನೋರಿಗೆಲ್ಲ ಬ್ಲೌಸು ಒಂದು ಬೆರಳು ಬಿಗಿ ಹೊಲಿತೀನಿ" ಅನ್ನುತ್ತಿದ್ದರು. ಹೊಲಿಯುತ್ತಲೂ ಇದ್ದರು.

ಆ ಹೂವು ಏನೆಂದು ಓಣಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ. ಯುದ್ಧದಲ್ಲಿ ಮಡಿದವರ ನೆನಪಿಗೆಂದು ಮದರ್ ಸುಪೀರಿಯರ್ ಪ್ರತಿ ನವೆಂಬರಿನಲ್ಲಿ ನಮ್ಮ ಯೂನಿಫಾರ್ಮಿಗೆ ಕಾಗದದ ಪಾಪ್ಪಿ ಚುಚ್ಚುತ್ತಿದ್ದರು. ನಮ್ಮ ಗಸಗಸೆಯ ಜಾತಿಯದೇ ಹೂವು. ಆಮೇಲೆ ಎರಡು ನಿಮಿಷ ಸೈಲೆನ್ಸ್. ಹೌ ಸಿಲ್ಲಿ ವಿ ವರ್! ತಲೆ ತಗ್ಗಿಸಿ ನಿಂತು, ಯಾರ ಪಾಪ್ಪಿ ಹೆಚ್ಚು ಚೆಂದ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದೆವು. ಮಡಿದವರು ಎಂದರೆ ನಮಗೆ ಹಿಸ್ಟರಿ ಪುಸ್ತಕದವರು.

೧೯೬೨ರಲ್ಲಿ ಅದೇ ಹೂವು ಕಂಡಾಗ ನಾನೂ ಮುಖ ತಿರುಗಿಸಿದೆ. ನನ್ನವರು ಲೆಫ್ಟಿನೆಂಟ್, ಈಶಾನ್ಯದ ನೇಫಾ ಗಡಿಯಲ್ಲಿ ಚೀನಾದವರ ಎದುರಿಗಿದ್ದರು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ದಸರೆಯಿಂದೀಚೆಗೆ ಕಾಗದವಿಲ್ಲ. ಸೈಕಲ್ ಬೆಲ್ ಕೇಳಿದರೆ ಇದ್ದಲ್ಲೇ ಕೂತುಬಿಡುತ್ತಿದ್ದೆ. ಬಂದವನು ಅಂಚೆಯವನೋ, ತಂತಿಯವನೋ, ಹಾಲಿನವನೋ ತಿಳಿಯುವ ತನಕ ಏಳುತ್ತಿರಲಿಲ್ಲ.

ಆ ವರ್ಷವೂ ಟೀಚರಮ್ಮ ಹೂವು ಚುಚ್ಚಿಕೊಂಡು ಹೊರಟರು. ಬಾವಿಕಟ್ಟೆಯಲ್ಲಿ ಮಾತು ಶುರುವಾಯಿತು.

"ಗಂಡ ಸತ್ತೋಳು ಹೂ ಮುಡ್ಕಂಡು ಹೊಂಟ್ಳಲ್ಲೇ!"

"ಮುಡ್ದಿಲ್ವೇ, ಚುಚ್ಕಂಡಿದಾಳೆ."

"ಚುಚ್ಕಂಡ್ರೆ ದೋಷ ಇಲ್ವಾ? ಹಂಗಾದ್ರೆ ನಮ್ಮತ್ತೆಗೂ ಒಂದು ಚುಚ್ಚಣ."

ಎಲ್ಲರೂ ನಕ್ಕರು. ನನ್ನತ್ತೆ ನಗಲಿಲ್ಲ. ಅದೆಂತ ಹೂವು ಎಂದು ನನ್ನನ್ನು ಕೇಳಿದರು. ಹೇಳಿದೆ. ಕೊಡವನ್ನು ಅಲ್ಲೇ ಬಿಟ್ಟು ನನ್ನ ಕೈಹಿಡಿದು ಮನೆಯೊಳಗೆ ಎಳೆದುಕೊಂಡು ಬಂದು ಬಾಗಿಲು ಹಾಕಿದರು. "ಇನ್ನು ಆ ಕಡೆ ಹೋಗ್‌ಬ್ಯಾಡ ಮಗಾ. ಸತ್ತೋರ ಹೂವು ನಮ್ಮನೆ ಗೋಡೆಗೇ ಬಂದು ಕೂತಿದೆ."

ನೇಫಾದ ಬೊಮ್ಡಿಲಾ ಚೀನಾದವರ ಕೈಗೆ ಹೋಯಿತೆಂದು ರೇಡಿಯೋ ಹೇಳಿತು. ಮರುದಿನವೇ ಅತ್ತೆ ನನ್ನನ್ನು ಹತ್ತಿರದ ನಗರವೆಂಬ ಊರಿನ ಕಡೆಯ ಒಂದು ಅಮ್ಮನವರ ಗುಡಿಗೆ ಹೂ ಕೇಳಲು ಕರೆದೊಯ್ದರು. ಭಟ್ಟರು ವಿಗ್ರಹದ ಎರಡೂ ಬದಿಗೆ ಒದ್ದೆ ಎಸಳುಗಳನ್ನು ಅಂಟಿಸುತ್ತಾರೆ. ಮನಸ್ಸಿನಲ್ಲಿ ಕೇಳಿಕೊಂಡದ್ದಕ್ಕೆ ಬಲಗಡೆಯ ಎಸಳು ಉದುರಿದರೆ ಹೌದು, ಎಡಗಡೆಯದಾದರೆ ಇಲ್ಲ. ಕಾದೆವು. ಒಂದೂ ಉದುರಲಿಲ್ಲ. ದೀಪಕ್ಕೆ ಮತ್ತೆ ಎಣ್ಣೆ ಹಾಕಿದರು. ಅತ್ತೆ ನೆಲಕ್ಕೆ ಹಣೆ ಚಚ್ಚಿಕೊಂಡರು. "ಕೊಡೇ ಅಮ್ಮಾ. ಎತ್ಲಾಗಾದ್ರೂ ಒಂದು ಕಡಿಂದ ಕೊಡೇ." ಎಡಕ್ಕಾದರೂ ಸರಿ ಎಂದು ಹೆತ್ತ ತಾಯಿ ಬೇಡಿಕೊಂಡದ್ದು ಕೇಳಿದ ಮೇಲೆ, ವಾಪಸು ಬರುವ ಬಸ್ಸಿನಲ್ಲಿ ನಾನು ಅವರ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋದೆ.

ಆ ಸಂಜೆ ಅತ್ತೆಯ ಕಣ್ಣು ತಪ್ಪಿಸಿ ಪಕ್ಕದ ಕೋಣೆಗೆ ಹೋದೆ.

"ಟೀಚರ್, ನನಗೂ ಒಂದು ಹೂವು ಹೊಲಿದುಕೊಡಿ. ಈ ವೇಟಿಂಗ್ ನನ್ನಿಂದ ಆಗಲ್ಲ. ಅವ್ರು ಇಲ್ಲ ಅಂತಾನೇ ಅಂದ್ಕೊಂಡುಬಿಡ್ತೀನಿ."

ಅವರು ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು.

"ಬುದ್ಧಿ ನೆಟ್ಟಗಿದ್ಯಾ ಮಾರಾಯ್ತಿ? ನಾನೂ ಅದೇ ಅಮ್ಮನ ಹತ್ರ ಹೂ ಕೇಳಿದ್ದೆ. ಬಲಕ್ಕೇ ಕೊಟ್ಲು. ಸೆರಗಲ್ಲಿ ಕಟ್ಕಂಡು ಬಂದೆ. ಅದು ಒಣಗೋದ್ರೊಳಗೆ ತಂತಿ ಬಂತು. ಆಮೇಲೆ ಯಾರೂ ನಂಗೆ ಹೂ ಕೊಡ್ಲಿಲ್ಲ. ಪಿಂಚಣಿ ಕೆಲ್ಸಕ್ಕೆ ಬೆಂಗ್ಳೂರಿಗೆ ಹೋದಾಗ ಒಬ್ಳು ದೊರೆಸಾನಿ ಎದುರಿಗೆ ಬಂದು ಇಂಥದೊಂದು ಚುಚ್ಚಿದ್ಲು. ಗಂಡ ಸತ್ತೋಳಿಗೆ ಹೂ ಕೊಡಬಾರ್ದು ಅಂತ ಅವ್ಳಿಗೆ ಗೊತ್ತಿರ್ಲಿಲ್ಲ, ಪುಣ್ಯಾತ್ಗಿತ್ತಿ! ಅವತ್ತಿಂದ ವರ್ಷಕ್ಕೊಂದು ನಾನೇ ಹೊಲ್ಕಳ್ತೀನಿ. ಇದು ನಂದು. ನಿಂದಲ್ಲ. ಏಳು, ಮನಿಗೆ ಹೋಗು."

ಡಿಸೆಂಬರಿನಲ್ಲಿ ತಂತಿ ಬಂತು. ಇಂಗ್ಲಿಷಿನಲ್ಲಿತ್ತು, ಓದಬೇಕಾದವಳು ನಾನೇ. ತಂತಿಯವನು ನನ್ನ ಮುಖ ನೋಡದೆ ಕೈ ಚಾಚಿದ. ಅತ್ತೆ ಕಂಬ ಹಿಡಿದು ನಿಂತಿದ್ದರು. ನಮ್ಮ ಹೊಸ್ತಿಲು ಎಂದೂ ದಾಟದಿದ್ದ ಟೀಚರಮ್ಮ ನೇರ ಒಳಗೆ ಬಂದು ನನ್ನ ಎರಡೂ ಭುಜ ಒತ್ತಿ ಕೂರಿಸಿದರು. "ಕೂತ್ಕಂಡು ಓದು. ನನ್ ತಂತಿ ಬಂದಾಗ ನಾನು ನಿಂತಿದ್ದೆ."

ಮಿಸ್ಸಿಂಗ್ ಎಂದಿತ್ತು.

"ಅಂದ್ರೆ ಎಂತ?" ಅತ್ತೆ ಕೇಳಿದರು.

"ಕಾಣ್ತಿಲ್ಲ ಅಂತ."

"ಇದಾನಾ, ಇಲ್ವಾ?"

ನನ್ನ ಕಾನ್ವೆಂಟಿನ ಇಂಗ್ಲಿಷಿಗೆ ಅದರಾಚೆ ಏನೂ ತಿಳಿಯಲಿಲ್ಲ. ಉತ್ತರ ಕೊಟ್ಟವರು ಟೀಚರಮ್ಮ. "ಇಲ್ಲ ಅಂತ ಬರ್ದಿಲ್ವಲ್ಲಮ್ಮ. ಅದ್ನ ಬರಿಯೋಕೆ ಅವ್ರಿಗೆ ಯಾರ ಮುಲಾಜೂ ಇಲ್ಲ, ನಂಗೊತ್ತು."

ನಾನು ಇನ್ನು ಹೂ ಮುಡಿಯಬಹುದೋ ಬಾರದೋ ಎಂದು ಊರು ಮಾತಾಡತೊಡಗಿತು. ಅತ್ತೆಯೇ ಹೆದರಿ ಹೂ ಕಟ್ಟುವುದನ್ನು ಬಿಟ್ಟರು. ಆಗ ಟೀಚರಮ್ಮ ದಿನಾ ಬೆಳಿಗ್ಗೆ ನಮ್ಮ ಜಗಲಿಯ ಕೆಳಗೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. "ಅಮ್ಮಾ, ಸೊಸೆಗೆ ಹೂ ಮುಡ್ಸಿದ್ರಾ? ನಾನು ಮುಟ್ಟಂಗಿಲ್ಲ, ನೀವು ಮುಡಿಸ್ಬೇಕು." ನಾನು ಹೊರಗೆ ಬಂದು ತಲೆ ತಿರುಗಿಸಿ ತೋರಿಸುವ ತನಕ ಕದಲುತ್ತಿರಲಿಲ್ಲ. ಹೆದರುತ್ತಲೇ ಮುಡಿದೆ. ಇಲ್ಲದವರ ಹೆಸರಿನಲ್ಲಿ ಮುಡಿಯುತ್ತಿದ್ದೇನೋ ಎಂಬ ಭಯಕ್ಕೆ ಕನ್ನಡಿ ನೋಡುವುದನ್ನೇ ಬಿಟ್ಟಿದ್ದೆ. ಆದರೂ ಆ ತಿಂಗಳುಗಳಲ್ಲಿ ನಾನು ಬದುಕಿದವರ ಸಾಲಿನಲ್ಲೇ ನಿಂತಿದ್ದರೆ ಅದು ಅವರ ಕೂಗಿನಿಂದ.

ಮುಂದಿನ ಬೇಸಿಗೆಯಲ್ಲಿ ಚೀನಾದವರು ಬಿಟ್ಟುಕೊಟ್ಟ ಕೈದಿಗಳಲ್ಲಿ ನನ್ನವರೂ ಇದ್ದರು. ಶಿವಮೊಗ್ಗದ ಬಸ್ಸಿನಿಂದ ಇಳಿದಾಗ ಅತ್ತೆಗೇ ಗುರುತು ಹತ್ತಲಿಲ್ಲ, ಅಷ್ಟು ಸೊರಗಿದ್ದರು. ನಮ್ಮ ಜಗಲಿಗೆ ಊರೆಲ್ಲ ಬಂತು, ಟೀಚರಮ್ಮ ಬರಲಿಲ್ಲ. ನಾನೇ ನನ್ನವರನ್ನು ಕರೆದುಕೊಂಡು ಹೋಗಿ ಅವರ ಬಾಗಿಲು ತಟ್ಟಿದೆ.

"ಟೀಚರ್, ಇವ್ರು ಬಂದ್ರು."

"ಗೊತ್ತಾಯ್ತು, ಬೂಟಿನ ಸದ್ದು ಕೇಳ್ತು. ಮೊದ್ಲು ಊಟ ಹಾಕು ಹೋಗು ಮಾರಾಯ್ತಿ. ನಂಗೆ ಅರ್ಜೆಂಟ್ ಹೊಲಿಗೆ ಇದೆ."

ಬಾಗಿಲು ತೆರೆಯಲಿಲ್ಲ. ಮೆಷೀನು ಜೋರಾಗಿ ಓಡತೊಡಗಿತು.

ಟೀಚರಮ್ಮ ತೀರಿಕೊಂಡಾಗ ನಾವು ದೂರದ ಕಂಟೋನ್ಮೆಂಟಿನಲ್ಲಿದ್ದೆವು. ಸುದ್ದಿ ತಡವಾಗಿ ಬಂತು, ಮುಖ ನೋಡುವ ಭಾಗ್ಯವಿರಲಿಲ್ಲ. ನನಗೆ ಉಳಿದಿರುವುದು ಆ ಮಧ್ಯಾಹ್ನದ ಮೆಷೀನಿನ ಸದ್ದು. ಸೂಜಿಯ ಕೆಳಗೆ ಬಟ್ಟೆ ಇದ್ದರೆ ಸದ್ದು ಮೆತ್ತಗಿರುತ್ತದೆ, ಮಡಿಕೆ ಬಂದಲ್ಲಿ ತಡೆದು ತಡೆದು ಹೋಗುತ್ತದೆ. ಅವತ್ತು ಅದು ಎಲ್ಲೂ ತಡೆಯಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಹಾಗೆ, ಬಟ್ಟೆಯೇ ಇಲ್ಲದೆ ಓಡುತ್ತಿತ್ತು. ನನ್ನವರು ಇನ್ನೊಮ್ಮೆ ಬಾಗಿಲು ತಟ್ಟಲು ಕೈ ಎತ್ತಿದರು. ನಾನು ಆ ಕೈಯನ್ನು ಹಿಡಿದುಕೊಂಡೆ.