ಮೂರು ಸಾವಿರ ವಾಟ್, ಎರಡು ಲೀಟರ್ ನೀರು

ಪೆಟ್ಟಿಗೆಯ ಮೇಲೆ ಕೆಂಪು ಅಕ್ಷರದಲ್ಲಿ ‘3000 ವಾಟ್’ ಎಂದು ಅಚ್ಚಾಗಿತ್ತು. ಅದರ ಕೆಳಗೆ ನಾನು ಒಂದು ಹಳದಿ ಲೇಬಲ್ ಅಂಟಿಸಿ, ‘180’ ಎಂದು ಬರೆದಿದ್ದೆ. ಜಗಳ ಶುರುವಾದದ್ದು ಅಲ್ಲಿಂದ.

ಪಡೀಲ್‌ನಲ್ಲಿ ಬಂಟ್ವಾಳದ ಕಡೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಸೋದರಮಾವನಿಗೆ ಒಂದು ಅಂಗಡಿಯಿದೆ. ಕಾರುಗಳಿಗೆ ಸ್ಪೀಕರ್, ಆಂಪ್ಲಿಫೈಯರ್ ಕೂರಿಸುವುದು ಅವರ ಕಸುಬು. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಅಲ್ಲಿಗೆ ಸೇರಿದಾಗ, ಒಳ್ಳೆಯ ಕೆಲಸ ಸಿಗುವವರೆಗೆ ಇವಳು ಅಲ್ಲಿರುತ್ತಾಳೆ ಎಂದು ಮನೆಯವರು ಅಂದುಕೊಂಡರು. ನಾನು ಅದನ್ನು ತಿದ್ದಲು ಹೋಗಲಿಲ್ಲ. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಮೀಟರ್, ನನ್ನಷ್ಟಕ್ಕೆ ಮಾಡಬಹುದಾದ ಕೆಲಸ. ನನಗೆ ಅದು ಸಾಕಿತ್ತು.

ಅಳೆಯಲು ನನಗೆ ಯಾರೂ ಹೇಳಿರಲಿಲ್ಲ. ಆ ಮೂರು ಸಾವಿರದ ಆಂಪ್ಲಿಫೈಯರನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಅದರ ಫ್ಯೂಸ್ ಕಣ್ಣಿಗೆ ಬಿತ್ತು. ಮೂವತ್ತು ಆಂಪಿಯರ್. ಕಾರಿನ ಬ್ಯಾಟರಿ ಹದಿನಾಲ್ಕು ವೋಲ್ಟ್ ಕೊಟ್ಟರೂ ಒಳಗೆ ಹೋಗುವುದು ಹೆಚ್ಚೆಂದರೆ ನಾನೂರ ಇಪ್ಪತ್ತು ವಾಟ್. ಒಳಗೆ ಹೋಗದ ಮೂರು ಸಾವಿರ ಹೊರಗೆ ಬರುವುದು ಹೇಗೆ? ಸ್ಪೀಕರಿನ ಜಾಗದಲ್ಲಿ ಪರೀಕ್ಷೆಯ ತಂತಿಸುರುಳಿ ಜೋಡಿಸಿ ಅಳೆದೆ. ನೂರ ಎಂಬತ್ತು ಬಂತು. ಬರೆದು ಅಂಟಿಸಿದೆ. ಆಮೇಲೆ ಕಪಾಟಿನಲ್ಲಿದ್ದ ಎಲ್ಲವನ್ನೂ ಅಳೆದೆ. ಹಳೆಯದೊಂದು, ಇಟ್ಟಿಗೆಯಷ್ಟು ಭಾರದ್ದು, ನೂರು ಎಂದು ಬರೆದುಕೊಂಡು ನೂರ ಹನ್ನೆರಡು ಕೊಟ್ಟಿತು. ಅದನ್ನೂ ಹಾಗೆಯೇ ಬರೆದೆ.

ಲೇಬಲ್ ನೋಡಿ ಮೊದಲು ಬಾಯಿ ತೆರೆದದ್ದು ಉಳ್ಳಾಲದ ಒಬ್ಬ ಗಿರಾಕಿ. ಮೀನಿನ ವ್ಯಾಪಾರ, ಹೊಸ ಕಾರು.

“ಇದೆಂತ ಅಕ್ಕ? ಕಂಪೆನಿಯವ ಮೂರು ಸಾವಿರ ಹೇಳ್ತಾನೆ, ನೀವು ನೂರೆಂಬತ್ತು ಹೇಳ್ತೀರಿ. ಬಾಕಿದ್ದು ಯಾರು ತಿಂದದ್ದು?”

“ಯಾರೂ ತಿನ್ಲಿಲ್ಲ. ಇರ್ಲೇ ಇಲ್ಲ.”

“ನಿಮ್ಮ ಮೀಟರ್ ಸರಿ ಉಂಟಾ?”

“ಉಂಟು.”

“ಹಾಗಾದ್ರೆ ನಿಮ್ಮನ್ನು ನನ್ನ ಮೀನು ತೂಗ್ಲಿಕ್ಕೆ ಕರೀಬಾರ್ದು ಮಾರಾಯ್ರೆ. ಒಂದೇ ವಾರದಲ್ಲಿ ಬಾಗಿಲು ಹಾಕ್ಬೇಕಾದೀತು!”

ಅವನು ನಕ್ಕ, ಮಾವನೂ ನಕ್ಕರು. ನಗುತ್ತಲೇ ಅವನು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದ. ಮಾವನ ನಗು ಅಲ್ಲಿಗೆ ನಿಂತಿತು.

“ನೋಡು, ಹೋದ. ನಿನ್ನ ಚೀಟಿ ಓದಿ ಹೋದ.”

ಮಾವನ ಬಗ್ಗೆ ಒಂದು ವಿಷಯ ಹೇಳಬೇಕು. ಮೂವತ್ತು ವರ್ಷ ಅವರು ಮುಚ್ಚಿದ ಕಾರುಗಳ ಒಳಗೆ ಕೂತು ಸ್ಪೀಕರ್ ಪರೀಕ್ಷಿಸಿದವರು. ಈಗ ಅವರಿಗೆ ಕಾರಿನ ಇಂಡಿಕೇಟರಿನ ಟಿಕ್ ಟಿಕ್ ಕೇಳಿಸುವುದಿಲ್ಲ. ಜೇಬಿನ ಮೊಬೈಲ್ ಹೊಡೆದುಕೊಂಡರೆ ನಾನು ಹೇಳಬೇಕು. ಕಾರಿನ ಕೊನೆಯ ಟ್ಯೂನಿಂಗನ್ನು ಅವರು ಮೆಲ್ಲನೆ ನನಗೆ ಬಿಟ್ಟುಕೊಟ್ಟರು. “ನೀನು ಕಲೀಬೇಕಲ್ಲ” ಎಂದರು. ನಾನು ಸರಿ ಎಂದೆ. ನಾನು ಗಮನಿಸಿದ್ದೇನೆ ಎಂದು ಅವರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ.

ಅದೇ ಸಮಯಕ್ಕೆ ಮೂರು ಸಾವಿರದ ಕಂಪೆನಿಯಿಂದ ಫೋನ್ ಬಂತು. ಈ ಭಾಗದ ಏಜೆನ್ಸಿಯನ್ನು ಮಾವನಿಗೇ ಕೊಡುತ್ತಾರಂತೆ. ಅಂಗಡಿಗೆ ಹೊಸ ಬೋರ್ಡ್, ಹೊಸ ಕಪಾಟು. ಒಂದೇ ಷರತ್ತು: ಹಳದಿ ಲೇಬಲ್‌ಗಳು ಇರಬಾರದು. ಅವರ ಮನುಷ್ಯ ಮುಂದಿನ ವಾರ ಬಂದು ನೋಡಿ, ಒಪ್ಪಿದರೆ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗುತ್ತಾನೆ.

“ತೆಗ್ದುಬಿಡು ಮಗಾ,” ಎಂದರು ಮಾವ. “ಯಾರಿಗೆ ಬೇಕದು?”

“ನನಗೆ.”

ತೆಗೆಯಲು ನನಗೆ ಏಳು ದಿನವಿತ್ತು, ತೆಗೆಯಲಿಲ್ಲ. ಮಾವ ತಾವೇ ಕಿತ್ತುಹಾಕಿದರೆ ಮರುದಿನ ಈ ಅಂಗಡಿಗೆ ಬರುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಅದನ್ನು ಬೆದರಿಕೆಯ ಹಾಗೆ ಬಾಯಿಬಿಟ್ಟು ಹೇಳುವುದು ನನಗೆ ಬೇಡವಾಗಿತ್ತು.

ಬಂದವನು ಬೆಂಗಳೂರಿನವನು. ಶರ್ಟಿನ ಮಡಿಕೆ ಒಂದೂ ಕೆಡದ ಹಾಗೆ ಕಾರಿನಿಂದ ಇಳಿದ. ಕಪಾಟಿನ ಮೇಲಿನ ಹಳದಿ ಲೇಬಲ್‌ಗಳನ್ನು ನೋಡಿದ, ನನ್ನನ್ನು ನೋಡಿದ, ಮಾವನನ್ನು ತನ್ನ ಕಾರಿನ ಹತ್ತಿರ ಕರೆದುಕೊಂಡು ಹೋದ. ಅದರಲ್ಲಿ ಅದೇ ಆಂಪ್ಲಿಫೈಯರ್ ಕೂರಿಸಿದ್ದರು.

“ಮೀಟರ್ ಎಲ್ಲ ಯಾಕೆ ಸರ್? ಕಿವಿಯಲ್ಲಿ ಕೇಳಿ, ನಿಮಗೇ ಗೊತ್ತಾಗುತ್ತೆ.”

ಹಾಡು ಹಾಕಿ ಧ್ವನಿಯನ್ನು ಪೂರ್ತಿ ಏರಿಸಿದ. ಕಾರಿನ ಗಾಜು ನಡುಗಿತು. ಮಾವ ಕಣ್ಣು ಮುಚ್ಚಿ ತಲೆಯಾಡಿಸಿದರು.

“ಒಳ್ಳೆದುಂಟು. ಲಾಯ್ಕುಂಟು.”

ನನಗೆ ಕೇಳಿಸುತ್ತಿದ್ದದ್ದು ಬೇರೆ. ಹಾಡುವವಳ ಸ್ವರ ಎತ್ತರಕ್ಕೆ ಹೋದಾಗಲೆಲ್ಲ ಅಂಚು ಒಡೆದು ಚೂರಾಗುತ್ತಿತ್ತು. ಚರ್ಮವಾದ್ಯದ ಪೆಟ್ಟು ತಗಡಿನ ಮೇಲೆ ಬಿದ್ದ ಹಾಗಿತ್ತು. ಕೈಲಾಗದ ಆಂಪ್ಲಿಫೈಯರನ್ನು ಹಿಂಡಿದರೆ ಬರುವ ಸದ್ದು ಅದು. ಬಾಯಿಬಿಟ್ಟು ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಆ ಮಾತು ಆಂಪ್ಲಿಫೈಯರಿನ ಜೊತೆಗೆ ಮಾವನ ಕಿವಿಯನ್ನೂ ಅಳೆದುಬಿಡುತ್ತಿತ್ತು, ಅದೂ ಹೊರಗಿನವನ ಎದುರು.

ನಾನು ಒಳಗೆ ಹೋಗಿ ಚಾ ಮಾಡುವ ಸ್ಟೀಲ್ ಪಾತ್ರೆಗೆ ಎರಡು ಲೀಟರ್ ನೀರು ಅಳೆದು ಹಾಕಿದೆ. ನನ್ನ ತಂತಿಸುರುಳಿಯನ್ನು ಅದರಲ್ಲಿ ಮುಳುಗಿಸಿದೆ. ಆ ಸುರುಳಿ ಸದ್ದು ಮಾಡುವುದಿಲ್ಲ, ಆಂಪ್ಲಿಫೈಯರ್ ಕೊಟ್ಟ ಶಕ್ತಿಯೆಲ್ಲ ಅದರಲ್ಲಿ ಬಿಸಿಯಾಗುತ್ತದೆ, ಬಿಸಿ ನೀರಿಗೆ ಹೋಗುತ್ತದೆ. ಕಿವಿಯಿಂದ ಕೇಳಬೇಕಾದದ್ದು ಅಲ್ಲಿ ಏನೂ ಇಲ್ಲ. ಕಪಾಟಿನಿಂದ ಮೂರು ಸಾವಿರದ ಪೆಟ್ಟಿಗೆ ಇಳಿಸಿ, ಮೇಜಿನ ಬ್ಯಾಟರಿಗೂ ಸುರುಳಿಗೂ ಜೋಡಿಸಿ ಇಬ್ಬರನ್ನೂ ಕರೆದೆ.

“ಇದೇನು ಮೇಡಂ, ಆಂಪ್ಲಿಫೈಯರಾ ಗೀಸರಾ?”

“ಮನೆಯ ಹೀಟರ್ ಕಾಯಿಲು ಒಂದೂವರೆ ಸಾವಿರ ವಾಟ್. ನಿಮ್ಮದು ಅದರ ಎರಡು ಪಟ್ಟು. ಮೂರೂವರೆ ನಿಮಿಷದಲ್ಲಿ ಈ ನೀರು ಕುದೀಬೇಕು. ಚಾ ಮಾಡುವ. ನಿಮಗೆ ಸಕ್ಕರೆ ಎಷ್ಟು?”

ಹೊರಗಿನವರ ಎದುರು ನಾನು ಇಷ್ಟು ಮಾತಾಡುವವಳಲ್ಲ. ಮಾವ ನನ್ನ ಮುಖವನ್ನೇ ನೋಡಿದರು.

“ಮೂರು ಸಾವಿರ ಅನ್ನೋದು ಪೀಕ್ ಮೇಡಂ, ಮ್ಯಾಕ್ಸಿಮಮ್. ಒಂದು ಕ್ಷಣಕ್ಕೆ ಬರುತ್ತೆ.”

“ಬರ್ಲಿ. ಕಾಯ್ತೇನೆ.”

“ಹೀಗೆಲ್ಲ ಯಾರೂ ಟೆಸ್ಟ್ ಮಾಡಲ್ಲ ಸರ್.”

“ಪರವಾಗಿಲ್ಲ,” ಎಂದರು ಮಾವ. “ಅವಳು ನೀರು ಇಟ್ಟಾಯ್ತಲ್ಲ. ನೋಡುವ.”

ಒಂದೇ ಮಟ್ಟದ ಸ್ವರವನ್ನು ಹಾಕಿ, ಒಡೆಯುವ ಅಂಚಿನವರೆಗೆ ಏರಿಸಿ ಬಿಟ್ಟೆ. ಥರ್ಮಾಮೀಟರ್ ಇಪ್ಪತ್ತೆಂಟು ತೋರಿಸುತ್ತಿತ್ತು. ಮೂವರೂ ಪಾತ್ರೆಯ ಸುತ್ತ ನಿಂತೆವು. ಮೂರೂವರೆ ನಿಮಿಷವಾದಾಗ ಮೂವತ್ತೆರಡು. ಬಂದವನು ಮೊಬೈಲ್ ತೆಗೆದು ಏನೋ ಓದತೊಡಗಿದ. ಮಾವ ಅಲ್ಲಾಡಲಿಲ್ಲ. ಹತ್ತು ನಿಮಿಷಕ್ಕೆ ನಲವತ್ತು. ಸ್ವಿಚ್ ಆರಿಸಿದೆ.

ಮಾವ ನೀರಿಗೆ ಮೊದಲು ಒಂದು ಬೆರಳು ಹಾಕಿದರು. ಆಮೇಲೆ ಇಡೀ ಅಂಗೈ. ಸ್ವಲ್ಪ ಹೊತ್ತು ಅಲ್ಲೇ ಬಿಟ್ಟರು.

“ಮಗು ಮೀಯಿಸ್ಲಿಕ್ಕೆ ಸಾಕು,” ಎಂದರು.

“ಸರ್, ಎಲ್ಲ ಕಂಪನಿಯವರೂ ಹೀಗೇ ಬರೆಯೋದು. ನೀವೊಬ್ಬರೇ ನೂರೆಂಬತ್ತು ಅಂತ ಹಾಕಿದ್ರೆ ಯಾರು ತಗೋತಾರೆ? ಮೇಡಂ ಓದಿದಾರೆ, ಒಪ್ಪೋಣ. ವ್ಯಾಪಾರ ಬೇರೆ ಅಲ್ವಾ?”

“ನೀವು ಬರೆಯಿರಿ,” ಎಂದೆ. “ಕೆಳಗೆ ನಾನೂ ಬರೀತೇನೆ.”

ಅವನು ನನ್ನ ಕಡೆ ತಿರುಗಲೇ ಇಲ್ಲ. “ನೀವು ಹೇಳಿ ಸರ್.”

ಮಾವ ಕೈ ಒರೆಸಿಕೊಂಡರು. ಏಜೆನ್ಸಿಯ ಆಸೆ ಅವರಿಗೆ ಎಷ್ಟಿತ್ತೆಂದು ನನಗೆ ಗೊತ್ತು. ಹೊಸ ಕಪಾಟು ಎಲ್ಲಿ ಬರಬೇಕೆಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಕೂಡ ಹಾಕಿದ್ದರು.

“ಅವಳ ಚೀಟಿ ಇರ್ತದೆ. ಅದು ಇದ್ದೂ ಆಗ್ತದಾ, ಕಾಗದ ಕೊಡಿ, ಸಹಿ ಹಾಕ್ತೇನೆ. ಆಗುದಿಲ್ವಾ, ನಿಮ್ಮ ಪೆಟ್ಟಿಗೆ ತಕೊಂಡು ಹೋಗಿ. ಚಾ ಹೋಟೆಲಿಂದ ತರಿಸ್ತೇನೆ, ಇದರಲ್ಲಿ ಆಗ್ಲಿಕ್ಕಿಲ್ಲ ಮಾರಾಯ್ರೆ.”

ಅವನು ಚಾ ಕುಡಿದ. ಪೆಟ್ಟಿಗೆಗಳನ್ನೂ ತೆಗೆದುಕೊಂಡು ಹೋದ.

ಮಾವ ಪಾತ್ರೆಯ ನೀರನ್ನು ಅಂಗಡಿಯ ಬದಿಯ ದಾಸವಾಳದ ಬುಡಕ್ಕೆ ಚೆಲ್ಲುತ್ತ, ನಾವಿಬ್ಬರೇ ಇದ್ದಾಗ ಆಡುವ ತುಳುವಿನಲ್ಲಿ ಕೇಳಿದರು, ಕಾರಿನಲ್ಲಿ ಆ ಹಾಡು ಹಾಕಿದಾಗ ನಿನಗೆ ಹೇಗೆ ಕೇಳಿತು ಎಂದು.

“ಒಡೀತಿತ್ತು.”

“ಯಾವಾಗಿಂದ?”

“ಶುರುವಿನಿಂದಲೇ.”

ಪಾತ್ರೆ ಖಾಲಿಯಾದ ಮೇಲೂ ಅವರು ಅದನ್ನು ಬಗ್ಗಿಸಿಯೇ ಹಿಡಿದಿದ್ದರು. “ನನಗೆ ಚಂದ ಕೇಳಿತು,” ಎಂದರು. ಆಮೇಲೆ, “ಆಗಲೇ ಹೇಳ್ಬಹುದಿತ್ತಲ್ಲ.”

“ಹೇಳ್ಬಹುದಿತ್ತು.”

ಅವರು ಪಾತ್ರೆಯನ್ನು ತೊಳೆದು ಒಳಗಿಟ್ಟರು.

ಏಜೆನ್ಸಿ ಎದುರಿನ ಅಂಗಡಿಗೆ ಹೋಯಿತು. ಅವರ ಹೊಸ ಬೋರ್ಡಿನಲ್ಲಿ ಮೂರು ಸಾವಿರ ಎಷ್ಟು ದೊಡ್ಡದಾಗಿದೆಯೆಂದರೆ ನನ್ನ ಮೇಜಿನಿಂದಲೇ ಓದಬಹುದು. ಗಿರಾಕಿಗಳು ನಮ್ಮ ಲೇಬಲ್ ಓದಿ, ರಸ್ತೆ ದಾಟಿ ಹೋಗುವುದು ಈಗಲೂ ಇದೆ. ಪೆನ್ಸಿಲಿನ ಗುರುತುಗಳು ಗೋಡೆಯಲ್ಲೇ ಇವೆ. ಇದೆಲ್ಲ ನಷ್ಟವಲ್ಲ ಎಂದು ನಾನು ಹೇಳುವುದಿಲ್ಲ. ಲೇಬಲ್‌ಗಳನ್ನು ಮಾತ್ರ ಮೊದಲಿಗಿಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ.

ಕಳೆದ ತಿಂಗಳು ಉಳ್ಳಾಲದ ಗಿರಾಕಿ ಮತ್ತೆ ಬಂದ. ಎದುರಿನ ಅಂಗಡಿಯಲ್ಲಿ ಕೊಂಡ ಮೂರು ಸಾವಿರದ ಆಂಪ್ಲಿಫೈಯರನ್ನು ಕಾರಿನಿಂದ ಬಿಚ್ಚಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ. ಸ್ವರ ತಗ್ಗಿಸಿ ಹೇಳಿದ:

“ಅಕ್ಕ, ಇದು ಎಷ್ಟುಂಟು ಅಂತ ಒಮ್ಮೆ ನೋಡಿ. ಎದುರಿನ ಅಂಗಡಿಯವರಿಗೆ ಹೇಳ್ಬೇಡಿ ಆಯ್ತಾ?”

ಜೋಡಿಸಿ ಅಳೆದೆ. ಅವನು ನನ್ನ ಭುಜದ ಹಿಂದಿನಿಂದ ಬಗ್ಗಿ ಮೀಟರ್ ನೋಡಿ ಉಸಿರು ಬಿಟ್ಟ.

“ಒಂದು ಸಾವಿರ ಅಂತಾದ್ರೂ ಬರೀರಿ ಅಕ್ಕ. ನನ್ನ ಮರ್ಯಾದೆಗೆ.”

“ಅವಳು ಬರೆಯುದಿಲ್ಲ,” ಎಂದರು ಮಾವ, ಮುಂದಿನ ಕೋಣೆಯಿಂದ.

ಅವನು ಅಷ್ಟು ಮೆಲ್ಲಗೆ ಹೇಳಿದ ಮಾತು ಅವರಿಗೆ ಕೇಳಿಸಿರಲು ಸಾಧ್ಯವಿಲ್ಲ. ಏನು ಕೇಳಿರುತ್ತಾನೆಂದು ಅವರಿಗೆ ಗೊತ್ತಿತ್ತು, ಅಷ್ಟೆ. ನಾನು ಮೀಟರನ್ನು ಇನ್ನೊಮ್ಮೆ ನೋಡಿ, ಹಳದಿ ಲೇಬಲ್ಲಿನ ಮೇಲೆ ‘178’ ಎಂದು ಬರೆದೆ.