ಎರಡು ಟರ್ಬೊಗಳ ನಡುವಿನ ಜಾಯಿಂಟ್

ಸೆಲ್ವಂ, ಆ ಕಾರಿನ ಎಂಜಿನ್ ಹೋದದ್ದು ನಿನ್ನಿಂದಲ್ಲ. ನನ್ನಿಂದ. ಅದು ನನಗೆ ಆವತ್ತೇ ಗೊತ್ತಿತ್ತು — ಗೊತ್ತಿದ್ದೂ ನಿನ್ನ ಹೆಸರು ಹೇಳಿದೆ.

ಇಷ್ಟು ವರ್ಷ ಈ ಮಾತನ್ನು ಬಾಯಿಯವರೆಗೆ ತಂದು ನುಂಗಿದ್ದೇನೆ. ನಾಳೆ ಭದ್ರಾವತಿಗೆ ಬಂದು ನಿನ್ನೆದುರು ನಿಂತಾಗ ನಾಲಿಗೆ ತೊದಲಬಾರದೆಂದು ಮೊದಲು ಬರೆದುಕೊಳ್ಳುತ್ತಿದ್ದೇನೆ. ನಿನ್ನ ಹೆಂಡತಿಯೂ ಕೇಳಬೇಕು, ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಹೇಳುತ್ತೇನೆ.

ಸವಳಂಗ ರಸ್ತೆಯ ನನ್ನ ಗ್ಯಾರೇಜಿನಲ್ಲಿ ನಾವಿಬ್ಬರೂ ಜೊತೆಯಾಗಿ ದುಡಿಯುತ್ತಿದ್ದ ಕಾಲ. ಬೋಲ್ಟು, ಪೈಪು, ಸ್ಪ್ಯಾನರ್ ನನ್ನದು. ಲ್ಯಾಪ್‌ಟಾಪ್ ಹಿಡಿದು ಎಂಜಿನ್ನಿನ ಸೆಟ್ಟಿಂಗ್ ಮಾಡುವುದು ನಿನ್ನದು. ರವೀಂದ್ರನಗರದ ಗುತ್ತಿಗೆದಾರ ಶಶಿಧರ್ ತಮ್ಮ ಎರಡು ಟರ್ಬೊಗಳ ಕಾರು ತಂದು, ಬೂಸ್ಟ್ ಕಂಟ್ರೋಲರ್ ಹಾಕಿಕೊಡಿ ಎಂದರು. ಅಂಥ ಕಾರು ನಮ್ಮ ಶೆಡ್ಡಿಗೆ ಬರುವುದೇ ಅಪರೂಪ. ಮದುವೆಮನೆಗೆ ಬಂದ ಮಗುವಿನ ಹಾಗೆ ನೀನು ಅದರ ಸುತ್ತ ಸುತ್ತುತ್ತಿದ್ದೆ.

ಟರ್ಬೊ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ; ಆ ಒತ್ತಡವೇ ಬೂಸ್ಟ್. ಒತ್ತಡ ಮಿತಿ ಮುಟ್ಟಿದಾಗ ಒಂದು ಸಣ್ಣ ಬಾಗಿಲು ತೆರೆದು ಅದರ ಓಟ ತಗ್ಗಿಸಬೇಕು. ಆ ಬಾಗಿಲು ಯಾವಾಗ ತೆರೆಯಬೇಕೆಂದು ನಿರ್ಧರಿಸುವುದು ಈ ಕಂಟ್ರೋಲರ್; ಸುದ್ದಿ ಮುಟ್ಟಿಸುವುದು ಒಂದು ಸಪೂರ ಪೈಪಿನ ಗಾಳಿ. ಟರ್ಬೊ ಎರಡಾದ್ದರಿಂದ ಪೈಪನ್ನು ಕವಲು ಮಾಡಬೇಕು. ಅದಕ್ಕೆಂದೇ ಪೆಟ್ಟಿಗೆಯಲ್ಲಿ ಬಂದಿದ್ದ ಹಿತ್ತಾಳೆ ಜಾಯಿಂಟ್ ನನ್ನ ಕೈಜಾರಿ ಎಲ್ಲೋ ಸೇರಿಕೊಂಡಿತು. ಹುಡುಕಿದೆ — ಸರಿಯಾಗಿ ಹುಡುಕಲಿಲ್ಲ.

ಪಕ್ಕದಲ್ಲೇ ಡ್ರಿಪ್ ಸಾಮಾನಿನ ಅಂಗಡಿ. ಅಡಿಕೆ ಗಿಡದ ಬುಡಕ್ಕೆ ನೀರು ಹನಿಸುವ ಪೈಪಿನ ಕಪ್ಪು ಪ್ಲಾಸ್ಟಿಕ್ ಜಾಯಿಂಟ್ ತಂದು ಕೂರಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ನಮ್ಮ ಕಡೆ ಅದು ಯಾವುದಕ್ಕೆ ಆಗುವುದಿಲ್ಲ? ವೈಪರ್ ನೀರಿಗೆ, ಟ್ರ್ಯಾಕ್ಟರಿನ ಡೀಸೆಲ್ಲಿಗೆ ಎಷ್ಟೋ ಸಲ ಹಾಕಿದ್ದೆ. ಇದ್ದುದರಲ್ಲೇ ಹೊಂದಿಸುತ್ತಾನೆ ಎಂಬ ಹೆಸರೇ ನನ್ನ ಬಂಡವಾಳ. ಟರ್ಬೊ ಪಕ್ಕದ ಕಾವು ತೋಟದ ಬಿಸಿಲಲ್ಲ ಎಂಬುದು ಗೊತ್ತಿರಲಿಲ್ಲವೆ — ಗೊತ್ತಿತ್ತು. ನಿನಗೆ ಹೇಳಿದ್ದರೆ ಗಾಡಿ ಸ್ಟಾರ್ಟ್ ಮಾಡಲು ಬಿಡುತ್ತಿರಲಿಲ್ಲ. ಆದ್ದರಿಂದ ಹೇಳದೆ ಮೇಲಿನ ಕವರ್ ಮುಚ್ಚಿದೆ.

ಶಶಿಧರ್ ಭದ್ರಾವತಿ ರಸ್ತೆಯಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದ್ದಾರೆ. ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಬಾನೆಟ್ ಎತ್ತಿದ್ದು ನಾನು. ಜಾಯಿಂಟ್ ಕಾವಿಗೆ ಮೆತ್ತಗಾಗಿ ಸೀಳಿತ್ತು. ಗಾಳಿ ಅಲ್ಲೇ ಸೋರಿ, ಎರಡೂ ಬಾಗಿಲುಗಳಿಗೆ ಸುದ್ದಿಯೇ ಮುಟ್ಟದೆ, ಒತ್ತಡ ಏರಿ ಪಿಸ್ಟನ್ ಕರಗಿತ್ತು. ಯಾರೂ ನೋಡುವ ಮೊದಲು ಆ ತುಂಡನ್ನು ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಜನ ಸೇರಿದ್ದರು. ಶಶಿಧರ್ ಕೇಳಿದರು, "ಏನಾಯ್ತು ಮಾರಾಯ?"

"ಸೆಲ್ವಂ ಬೂಸ್ಟ್ ಸ್ವಲ್ಪ ಜಾಸ್ತಿ ಇಟ್ಟಿರ್ಬೇಕು ಸಾರ್."

ನೀನು ಜಗಳಕ್ಕೆ ಬರಲಿಲ್ಲ. ನನ್ನನ್ನೇ ನೋಡಿ ಕೇಳಿದೆ, "ಅಣ್ಣಾ, ಪೈಪೆಲ್ಲ ಸರಿ ಇತ್ತಾ?"

"ಎಲ್ಲ ಸರಿ ಇತ್ತು."

"ಹಂಗಾದ್ರೆ ನಂದೇ ತಪ್ಪು ಅಣ್ಣಾ."

ನೀನು ಹಾಗೆಂದಾಗಲಾದರೂ ಜೇಬಿಗೆ ಕೈ ಹಾಕಬಹುದಿತ್ತು. ಹಾಕಲಿಲ್ಲ. ನಿನ್ನ ಲೆಕ್ಕಕ್ಕಿಂತ ನನ್ನ ಮಾತನ್ನು ನೀನು ಹೆಚ್ಚು ನಂಬಿದೆಯಲ್ಲ — ನಾನು ಬಚಾವಾದದ್ದು ಆ ನಂಬಿಕೆಯಿಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀನು ಕಟ್ಟಿಕೊಂಡಿದ್ದ ಹೆಸರು ಒಂದು ವಾರವೂ ನಿಲ್ಲಲಿಲ್ಲ. ವಿನೋಬನಗರದ ಬೈಕಿನ ಹುಡುಗರು ಕೂಡ "ಅವ್ನ ಕೈಗೆ ಕೊಡ್ಬೇಡ್ರೋ, ಸುಟ್ಟಾಕ್ತಾನೆ" ಎಂದು ನಗುತ್ತಿದ್ದರು. ನಾನು ಅವರ ಜೊತೆ ನಿಂತು ಚಹಾ ಕುಡಿದೆ. ನೀನು ಗ್ಯಾರೇಜು ಬಿಟ್ಟು ಭದ್ರಾವತಿ ಸೇರಿದೆ.

ಹೋದ ತಿಂಗಳು ನಿನ್ನ ಪಂಕ್ಚರ್ ಅಂಗಡಿ ಎದುರು ನನ್ನ ಗಾಡಿ ನಿಂತದ್ದು ಆಕಸ್ಮಿಕ. ಯಾರೋ ತಮ್ಮ ಕಾರಿನ ಎಂಜಿನ್ ಬಡಿಯುತ್ತಿದೆ, ಸ್ವಲ್ಪ ನೋಡು ಎಂದರು. ನೀನು ಟಯರಿನಿಂದ ತಲೆ ಎತ್ತದೆ, "ಎಂಜಿನ್ ಕೆಲ್ಸ ನಂಗೆ ಬರಲ್ಲ ಸಾರ್" ಎಂದೆ. ಸದ್ದು ಕೇಳಿಯೇ ಯಾವ ಸಿಲಿಂಡರ್ ಎಂದು ಹೇಳುತ್ತಿದ್ದವನು ನೀನು! ಆಮೇಲೆ ನನ್ನನ್ನು ಗುರುತಿಸಿ, ಕೈ ಒರೆಸಿಕೊಂಡು ಬಂದು, "ಆವತ್ತು ನಿಮ್ ಗ್ಯಾರೇಜ್ ಹೆಸ್ರೂ ಕೆಡಿಸ್ಬಿಟ್ಟೆ ಅಣ್ಣಾ" ಎಂದೆ. ನೀನು ಕೆಲಸ ಕಳೆದುಕೊಂಡೆ ಎಂದಷ್ಟೇ ನಾನು ತಿಳಿದಿದ್ದೆ. ನಿನ್ನ ಕೈಯ ಮೇಲಿನ ನಂಬಿಕೆಯನ್ನೇ ಕಸಿದುಕೊಂಡಿದ್ದೇನೆ ಎಂದು ತಿಳಿದಿರಲಿಲ್ಲ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನಿನ್ನೆ ಶಶಿಧರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದಿದ್ದೆ. ಅವರು, "ನಂಗ್ಯಾಕೆ ಮೊದ್ಲು ಹೇಳ್ತೀಯ? ಅವ್ನಿಗೆ ಹೇಳು ಹೋಗು" ಎಂದು ಎದ್ದು ಒಳಗೆ ಹೋದರು. ಅದೂ ಸರಿಯೇ. ಅಲ್ಲಿಯೂ ಸುಲಭದ ಬಾಗಿಲನ್ನೇ ತಟ್ಟಿದ್ದೆ.

ನಾಳೆ ಬೆಳಿಗ್ಗೆ ನಿನ್ನ ಅಂಗಡಿಗೆ ಬರುತ್ತೇನೆ. ಗಿರಾಕಿಗಳು ಇರುವ ಹೊತ್ತಿಗೇ ಬರುತ್ತೇನೆ. ನಾಲ್ಕು ಜನರ ಮುಂದೆ ಆಡಿದ ಸುಳ್ಳನ್ನು ಮರೆಯಲ್ಲಿ ನಿಂತು ತಿದ್ದಲಾಗದು. ಭಾನುವಾರ ನನ್ನ ಗ್ಯಾರೇಜಿನಲ್ಲಿ ಸೇರುವ ಕಾರಿನವರ ಮುಂದೆಯೂ ಇದನ್ನೇ ಹೇಳುತ್ತೇನೆ. ಅವರು ನನ್ನ ಶೆಡ್ಡಿಗೆ ಬರುವುದನ್ನು ಬಿಟ್ಟರೆ ಬಿಡಲಿ. ನೀನು ಮತ್ತೆ ಎಂಜಿನ್ ಮುಟ್ಟುತ್ತೀಯೋ ಇಲ್ಲವೋ — ಅದನ್ನು ಕೇಳುವ ಹಕ್ಕು ನನಗಿಲ್ಲ.

ನಿನ್ನ ಸ್ವಭಾವ ನನಗೆ ಗೊತ್ತು. ಅಷ್ಟು ಜನರ ಮುಂದೆ ನನ್ನ ಮಾನ ಉಳಿಸಲೆಂದು ನೀನೇ ನನ್ನ ಭುಜ ಹಿಡಿದು, "ಬಿಡಿ ಅಣ್ಣಾ, ಹಳೇದು" ಎನ್ನುತ್ತೀಯ.

ನಾನು ಬಿಡುವುದಿಲ್ಲ.