ವಾಪಸ್ ಕೊಟ್ಟ ಕಿತ್ತಳೆ

ಮೊನ್ನೆ ಮಗಳು ಕಿತ್ತಳೆ ಸುಲಿಯುತ್ತ ಪಕ್ಕದಲ್ಲಿ ಕೂತವಳು ಮೊಬೈಲನ್ನು ನನ್ನ ಮುಖದೆದುರು ಹಿಡಿದಳು. "ಅಮ್ಮಾ, ಈ ಮೀಮ್ ನೋಡು, ಏಕ್‌ದಮ್ ಭಾರಿ ಐತಿ." ಸಿಪ್ಪೆಯ ಘಾಟು ಮೂಗಿಗೆ ಬಡಿಯುವುದಕ್ಕೂ ಆ ಹಳೆಯ ಫೋಟೋ ಕಣ್ಣಿಗೆ ಬೀಳುವುದಕ್ಕೂ ಸರಿಹೋಯಿತು. ಅದರಲ್ಲಿರುವ ಹುಡುಗಿ ನಾನು. ಮಗಳಿಗೆ ಗುರುತು ಸಿಕ್ಕಿರಲಿಲ್ಲ. ನನಗೆ ನಾನು ಬೆಳೆದ ಬಜಾಜ್ ನಗರದ ಕಾಕಾ ನೆನಪಾದರು...

ಕಾಕಾ ನಮ್ಮ ಪಕ್ಕದ ಮನೆಯವರು, ಧಾರವಾಡದ ಕಡೆಯವರು. ಸಿವಿಲ್ ಲೈನ್ಸ್‌ನಲ್ಲಿ ಸರ್ಕಾರಿ ನೌಕರಿ. ಚಳಿಗಾಲದ ಭಾನುವಾರ ಆ ಹೊರನಾಡಿನ ಊರಿನಲ್ಲಿದ್ದ ಕನ್ನಡದವರೆಲ್ಲ ತಾರಸಿಯಲ್ಲಿ ಬಿಸಿಲಿಗೆ ಕೂತರೆ ಅಲ್ಲಿ ಅವರದೇ ದರ್ಬಾರು. ಯಾರನ್ನೂ ಬಿಡುತ್ತಿರಲಿಲ್ಲ. ಆದರೆ ಅವರದೊಂದು ಕಟ್ಟಳೆಯಿತ್ತು. ಯಾರ ಮೇಲೆ ಜೋಕ್ ಇದೆಯೋ ಅವರ ಕೈಗೆ ಮೊದಲು ಒಂದು ಕಿತ್ತಳೆ ಕೊಟ್ಟು, "ಇವತ್ತು ನಿಮ್ಮ ಪಾಳಿ ಐತ್ರಿ" ಎನ್ನುತ್ತಿದ್ದರು. ಹಣ್ಣು ಸುಲಿದರೆ ಜೋಕ್ ಶುರು. ವಾಪಸ್ ಕೊಟ್ಟರೆ ಆ ಮಾತು ಅಲ್ಲಿಗೇ ಮುಗಿಯಿತು. ಹೇಳುತ್ತ ಹೇಳುತ್ತ ಆ ಮನುಷ್ಯನ ಮುಖ ಸಣ್ಣದಾಯಿತೆನಿಸಿದರೆ ಕಾಕಾ ಇಡೀ ಕಥೆಯನ್ನು ತಮ್ಮ ಮೇಲೆಯೇ ಎಳೆದುಕೊಂಡು ಮುಗಿಸಿಬಿಡುತ್ತಿದ್ದರು.

ನಾನು ಕಾಲೇಜು ಸೇರಿದಾಗ ಎರಡು ಸಾವಿರದ ಇಸವಿ ದಾಟಿತ್ತು. ಮನೆಗೊಂದು ಡಿಜಿಟಲ್ ಕ್ಯಾಮೆರಾ ಬರತೊಡಗಿದ ಕಾಲ. ರಾಜ್ಯೋತ್ಸವದ ಸಮಾರಂಭದಲ್ಲಿ ಮುಖ್ಯ ಅತಿಥಿಗೆ ಶಾಲು ಹೊದಿಸುವ ಕೆಲಸ ನನ್ನದಾಗಿತ್ತು. ಗಾಬರಿಯಲ್ಲಿ, ಮೈಕ್ ಸರಿಮಾಡಲು ವೇದಿಕೆ ಹತ್ತಿದವನಿಗೇ ಹೊದಿಸಿಬಿಟ್ಟೆ. ಹಿಂದೆ ಅತಿಥಿಗಳು ಕತ್ತು ಬಗ್ಗಿಸಿ ಕಾಯುತ್ತಿದ್ದರು... ಯಾರೋ ಫೋಟೋ ತೆಗೆದರು. ಇನ್ಯಾರೋ ಅದರ ಮೇಲೊಂದು ಹಿಂದಿ ಸಾಲು ಬರೆದು ಇ-ಮೇಲ್‌ನಲ್ಲಿ ಕಳಿಸಿದರು. ವಾರದೊಳಗೆ ಅದು ನನ್ನ ಕಾಲೇಜನ್ನೂ ತಲುಪಿತು. ಕ್ಯಾಂಟೀನಿನಲ್ಲಿ ಗುರುತಿಲ್ಲದ ಹುಡುಗರು "ಶಾಲ್‌ವಾಲಿ" ಎಂದು ಕೂಗಿದರು.

ಯಾರನ್ನು ಹಿಡಿದು ಕೇಳಲಿ? ಜೋಕಿಗಾದರೆ ಹೇಳುವವನೊಬ್ಬ ಇರುತ್ತಾನೆ, ನನ್ನ ಕಣ್ಣು ತುಂಬಿದ್ದು ಅವನಿಗೆ ಕಾಣುತ್ತದೆ. ಇದಕ್ಕೆ ಹೇಳುವವನೇ ಇರಲಿಲ್ಲ. ಒಬ್ಬರು ನಕ್ಕು ಬಿಟ್ಟರೆ ಇನ್ನೊಬ್ಬರು ಮೇಲಿನ ಸಾಲು ಬದಲಿಸಿ ಮತ್ತೆ ಕಳಿಸುತ್ತಿದ್ದರು. ನಾಚಿಕೆಯಿಂದ ಹಿಡಿಯಷ್ಟಾಗಿಹೋದೆ. ಕಾಲೇಜಿಗೆ ಹೋಗುವುದನ್ನೇ ಬಿಟ್ಟೆ.

ಆಗ ಕಾಕಾ ಬಂದು ಬಾಗಿಲಲ್ಲಿ ನಿಂತರು, ಕೈಯಲ್ಲಿ ಕಿತ್ತಳೆ. "ತಂಗಿ, ಈ ರವಿವಾರ ನಿನ್ನ ಪಾಳಿ. ನಿನ್ನ ಮುಂದ ಕುಂಡ್ರಿಸ್ಕೊಂಡು ನಾ ಹೇಳ್ತೀನಿ. ಎಲ್ಲಾರೂ ಒಮ್ಮೆ ನಕ್ಕು ಮುಗಸ್ಲಿ. ನೀನೂ ನಗು. ಆಮ್ಯಾಲೆ ನಮ್ಮ ಮಂದ್ಯಾಗ ಯಾರೂ ನಗಂಗಿಲ್ಲ, ನೋಡು."

"ನಿಮಗೂ ನಗಾಕ ನಾನೇ ಸಿಕ್ನೇನ್ರಿ ಕಾಕಾ?" ಎಂದು ಹಣ್ಣನ್ನು ಅವರ ಕೈಗೇ ವಾಪಸ್ ತುರುಕಿದೆ.

"ಬರೋಬರ್ ಐತಿ ಬಿಡವಾ" ಎಂದರು ಮೆಲ್ಲಗೆ. ತಮ್ಮ ಕಟ್ಟಳೆಗೆ ತಪ್ಪಲಿಲ್ಲ, ಆ ಕಥೆಯನ್ನು ಎಲ್ಲೂ ಹೇಳಲಿಲ್ಲ. ನಿವೃತ್ತರಾಗಿ ಊರಿಗೆ ಹೋದರು. ಕೆಲವು ವರ್ಷಗಳ ಮೇಲೆ ತೀರಿಕೊಂಡ ಸುದ್ದಿ ಬಂತು. ಅಂದು ನಾನು ಹಣ್ಣು ಸುಲಿದಿದ್ದರೆ ಅವರ ಬಾಯಲ್ಲಿ ಆ ಮೈಕಿನವನು ಶಾಲು ಹೊದ್ದು ಭಾಷಣಕ್ಕೇ ನಿಂತುಬಿಡುತ್ತಿದ್ದನೇನೋ... ನಾನೂ ನಗುತ್ತಿದ್ದೆನೇನೋ.

"ಯಾಕಮ್ಮಾ, ನಗು ಬರ್ಲಿಲ್ಲೇನು?" ಎಂದು ಮಗಳು ಒಂದು ತೊಳೆ ಚಾಚಿದಳು. ಇಷ್ಟು ವರ್ಷಗಳಾದರೂ ಮುಖ ಬಿಸಿಯಾಯಿತು. ಅದು ನಾನೇ ಎನ್ನಲು ಬಾಯಿ ಬರಲಿಲ್ಲ.

ತೊಳೆ ತೆಗೆದುಕೊಂಡೆ. ಕಥೆ ಹೇಳಲು ಕಾಕಾ ಇರಲಿಲ್ಲ.